ಅತ್ತೆ ಒತ್ತಿದ ಬ್ರೇಕು

ಹಳೆಯ ಜೀಪುಗಳಲ್ಲಿ ದೊಡ್ಡ ಗೇರಿನ ಪಕ್ಕ ಇನ್ನೊಂದು ಚಿಕ್ಕ ಗೇರುಕೋಲು ಇರುತ್ತದಲ್ಲ, ಅದು ಸ್ಪೇರ್ ಎಂದು ಜೀಪಣ್ಣ ಬಹಳ ಕಾಲ ನಂಬಿದ್ದ. ಹಿಂದುಗಡೆ ಸ್ಪೇರ್ ಚಕ್ರ ನೇತುಹಾಕಿದ ಕಂಪನಿಯವರು ಒಳಗೊಂದು ಸ್ಪೇರ್ ಗೇರು ನೆಟ್ಟಿದ್ದರೆ ಆಶ್ಚರ್ಯವೇನು? ಮೊದಲನೆಯದು ಕೈಗೆ ಕಿತ್ತು ಬಂದರೆ ಎರಡನೆಯದು. "ಆ ಕಾಲದವರ ದೂರದೃಷ್ಟಿ ನೋಡ್ರಿ" ಎಂದು ಆಫೀಸಿನಲ್ಲಿ ಊಟದ ಹೊತ್ತಿಗೆ ಭಾಷಣವನ್ನೂ ಮಾಡಿದ್ದ. ಅದು ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹಂಚುವ ಕೋಲೆಂದೂ, ಅದನ್ನು ನಟ್ಟನಡುವೆ ನಿಲ್ಲಿಸಿದರೆ ಗೇರಿಗೂ ಚಕ್ರಕ್ಕೂ ಮಾತುಕತೆಯೇ ನಿಂತುಹೋಗುತ್ತದೆಂದೂ (ಆಸ್ತಿ ಪಾಲಾದ ಮೇಲೆ ಅಣ್ಣತಮ್ಮಂದಿರು ಇರುತ್ತಾರಲ್ಲ, ಹಾಗೆ) ಅವನಿಗೆ ತಿಳಿದದ್ದು ಒಂದು ಭಾನುವಾರ. ತಿಳಿಸಿಕೊಟ್ಟವರು ಅವನ ಅತ್ತೆ. ಪಾಪ, ಅವರಿಗೂ ಅದು ಗೊತ್ತಿರಲಿಲ್ಲ.

ಜೀಪಣ್ಣ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಬೀದಿಯವರು ದಯಪಾಲಿಸಿದ ಬಿರುದು. ಅವನು ವಿಮಾ ಕಂಪನಿಯೊಂದರ ಅಪಘಾತ ವಿಭಾಗದಲ್ಲಿ ಗುಮಾಸ್ತ. ಬೆಳಗಿನಿಂದ ಸಂಜೆಯವರೆಗೆ ನುಜ್ಜುಗುಜ್ಜಾದ ಬಾನೆಟ್ಟುಗಳ ಫೋಟೋ ನೋಡುವುದು, "ಬ್ರೇಕ್ ಹಿಡಿಯಲಿಲ್ಲ ಸಾರ್" ಎಂಬ ಹೇಳಿಕೆ ಓದುವುದು, ಠಸ್ಸೆ ಒತ್ತುವುದು. ಇಂಥವನು ಹಳೆಯ ಜೀಪು ಕೊಳ್ಳಬಾರದು. ಕೊಂಡ. ಕೊಂಡವನು ಸುಮ್ಮನಿರಬೇಕು. ಅದೂ ಆಗಲಿಲ್ಲ. "ಹೆರಿಗೆಗೆ ನಿನ್ನನ್ನ ಬಾಡಿಗೆ ಗಾಡೀಲಿ ಕಳಿಸ್ತೀನಾ? ಸ್ವಂತ ಗಾಡೀಲಿ, ರಾಣಿ ಥರ ಕರ್ಕೊಂಡು ಹೋಗ್ತೀನಿ" ಎಂದು ಹೆಂಡತಿಗೆ ಮಾತು ಕೊಟ್ಟುಬಿಟ್ಟ.

ಆಸ್ಪತ್ರೆಗೆ ಹೋಗಬೇಕಾದರೆ ಮನೆಯ ಮುಂದಿನ ಇಳಿಜಾರನ್ನು ಇಳಿಯಲೇಬೇಕು. ಕೊನೆಯಲ್ಲಿ ಲಾರಿಗಳು ಬುರ್ರೆನ್ನುವ ದೊಡ್ಡ ರಸ್ತೆ. ಮೊದಲ ದಿನ ಅಲ್ಲಿ ಇಳಿದಾಗ ಬ್ರೇಕಿನ ಪೆಡಲು ಕೆಸರಿಗಿಟ್ಟ ಕಾಲಿನಂತೆ ಒಳಗೆ ಹೋಯಿತು. ಜೀಪು ನಿಂತಿತು ನಿಜ, ಆದರೆ ಸ್ವಲ್ಪ ಯೋಚನೆ ಮಾಡಿ ನಿಂತಿತು. ಆ ಯೋಚನೆಯ ಹೊತ್ತಿನಲ್ಲಿ ಜೀಪಣ್ಣನ ಜಂಘಾಬಲವೇ ಉಡುಗಿಹೋಯಿತು. ಅಂದಿನಿಂದ ಅವನು ದಿನಾ ಬೆಳಗ್ಗೆ ಬೀದಿಗೆಲ್ಲ ಕೇಳುವಂತೆ ಎಂಜಿನ್ ಗುಡುಗಿಸಿ, ಮೇಲುಗಡೆಗೆ ಓಡಿಸಿಕೊಂಡು ಹೋಗಿ, ನೀರಿನ ಟ್ಯಾಂಕಿನ ಹಿಂದೆ ನೆರಳಲ್ಲಿ ನಿಲ್ಲಿಸಿ, ಬಸ್ಸು ಹತ್ತಿ ಆಫೀಸಿಗೆ ಹೋಗಿ, ಸಂಜೆ ಒಂದನೇ ಗೇರಿನಲ್ಲಿ ತೆವಳಿಸಿಕೊಂಡು ಮನೆಗೆ ತರುತ್ತಿದ್ದ. ಇದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ರಜಾದಿನಗಳಲ್ಲಿ ರಿಪೇರಿ. ನೀರಿನ ಪೈಪು ಬಗ್ಗಿಸಿ ಮುಂದಕ್ಕೊಂದು ಬಂಪರು ಕೂರಿಸಿದ. ಹಾರನ್ನಿನ ವೈರು ಬದಲಾಯಿಸಿದ. ಆಮೇಲೆ ಹಾರನ್ ಒತ್ತಿದರೆ ವೈಪರ್ ಅಲ್ಲಾಡತೊಡಗಿತು. ಸ್ಟೀರಿಂಗು ಎಡಕ್ಕೆ ಎಳೆಯುತ್ತಿತ್ತು. ಅದನ್ನು ನೇರ ಮಾಡಲು ಹೋದ ಮೇಲೆ ಇನ್ನೂ ಜೋರಾಗಿ ಎಡಕ್ಕೆ ಎಳೆಯಿತು. ಬ್ರೇಕನ್ನು ಮಾತ್ರ ಮುಟ್ಟಿರಲಿಲ್ಲ. ಮುಟ್ಟಲು ಹೆದರಿಕೆ, ಮುಟ್ಟದಿರಲೂ ಹೆದರಿಕೆ.

ಅಷ್ಟರಲ್ಲಿ ಮಗಳ ಬಾಣಂತನಕ್ಕೆಂದು ಅತ್ತೆ ಬಂದರು. ಬಂದವರು ಜೀಪನ್ನು ಒಂದು ಸುತ್ತು ಹಾಕಿ, ಬಂಪರನ್ನು ಬೆರಳಿನಿಂದ ತಟ್ಟಿ ನೋಡಿದರು.

"ಅಳಿಯಂದಿರೇ, ಇದು ನಿಲ್ಲುತ್ತಾ?"

"ನಿಂತೇ ಇದೆಯಲ್ಲ ಅತ್ತೆ."

"ಓಡ್ತಾ ಇರೋವಾಗ ನಿಲ್ಲುತ್ತಾ ಅಂದೆ."

ಜೀಪಣ್ಣ ಬಾನೆಟ್ಟಿನ ಧೂಳು ಒರೆಸತೊಡಗಿದ. ಅತ್ತೆ ತೀರ್ಪು ಕೊಟ್ಟರು: "ನಾಳೆ ಡಾಕ್ಟರ ಹತ್ರ ತಪಾಸಣೆ ಇದೆ. ಇವತ್ತು ನನ್ನ ಕಣ್ಣೆದುರಿಗೆ ಬ್ರೇಕು ಸರಿ ಮಾಡಿದ್ರೆ ಮಗಳು ಇದರಲ್ಲಿ ಬರ್ತಾಳೆ. ಇಲ್ಲ ಅಂದ್ರೆ ಗುಜರಿಯವನು ಬರ್ತಾನೆ."

ಬ್ರೇಕಿನ ಕೊಳವೆಯಲ್ಲಿ ಗಾಳಿ ಸೇರಿದ್ದರೆ ಅದನ್ನು ಹೊರಗೆ ಬಿಡಲು ಇಬ್ಬರು ಬೇಕು. ಮೇಲೆ ಕೂತವರು ಪೆಡಲು ಒತ್ತಿ "ಒತ್ತಿದೆ" ಎನ್ನಬೇಕು. ಕೆಳಗೆ ಮಲಗಿದವನು ಚಕ್ರದ ಹಿಂದಿನ ಪುಟ್ಟ ನಟ್ಟು ಸಡಿಲಿಸಿ, ಎಣ್ಣೆಯ ಜೊತೆ ಗುಳ್ಳೆಯನ್ನು ಬಾಟಲಿಗೆ ಬಿಟ್ಟು, ಮತ್ತೆ ಬಿಗಿದು "ಬಿಡಿ" ಎನ್ನಬೇಕು. ಮೇಲಿನವರು "ಬಿಟ್ಟೆ" ಎನ್ನಬೇಕು. ಒಟ್ಟಿನಲ್ಲಿ ಮಂತ್ರ ತಪ್ಪಬಾರದು. ಹೆಂಡತಿಗೂ ಸ್ಟೀರಿಂಗಿಗೂ ನಡುವೆ ಹೊಟ್ಟೆ ಅಡ್ಡ ಬರುತ್ತಿದ್ದುದರಿಂದ ಸಾರಥ್ಯಕ್ಕೆ ಅತ್ತೆಯೇ ಏರಿದರು, ಕೈಚೀಲದ ಸಮೇತ.

ಏರುವ ಮುಂಚೆ ಅವರು ಒಂದು ಘನಕಾರ್ಯ ಮಾಡಿದ್ದರು. ಮಗಳು ಬಾಗಿಲ ಮೆಟ್ಟಿಲ ಮೇಲೆ ಕೂತಿದ್ದಳು, ಪಾದಗಳು ಊದಿದ್ದವು. ಇಳಿಜಾರಿಗೆ ಮುಖಮಾಡಿ ನಿಂತಿದ್ದ ಜೀಪಿನ ಮುಂದಿನ ಚಕ್ರಗಳಿಗೆ ಅಡ್ಡ ಇಟ್ಟಿದ್ದ ಎರಡು ಇಟ್ಟಿಗೆ ಕಣ್ಣಿಗೆ ಬಿದ್ದವು. "ಬಸುರಿ ಕಾಲಿಗಿಲ್ಲದ ಮಣೆ ಈ ತಗಡಿಗ್ಯಾಕೆ?" ಎಂದು ಎಳೆದು ತಂದು ಮಗಳ ಕಾಲಡಿ ಇಟ್ಟರು. ಜೀಪಣ್ಣ ಆಗಲೇ ಹಿಂಬದಿಯಿಂದ ತಲೆ ತೂರಿಸಿ ಮಲಗಿದ್ದ. ಹ್ಯಾಂಡ್‌ಬ್ರೇಕು ಎಂಬುದು ಆ ಗಾಡಿಯಲ್ಲಿ ಬರೀ ಅಲಂಕಾರ. ಈಗ ಜೀಪನ್ನು ಹಿಡಿದು ನಿಲ್ಲಿಸಿದ್ದದ್ದು ಹಾಕಿಟ್ಟ ಒಂದನೇ ಗೇರು ಮಾತ್ರ.

"ಒತ್ತಿದೆ!"

"ಬಿಡಿ!"

"ಬಿಟ್ಟೆ! ಅಳಿಯಂದಿರೇ, ಇಲ್ಲೊಂದು ಕೋಲು ಮೊಣಕಾಲಿಗೆ ಚುಚ್ತಾ ಇದೆ."

"ದೊಡ್ಡದಾ, ಚಿಕ್ಕದಾ?"

"ಚಿಕ್ಕದು."

"ಅದು ಸ್ಪೇರ್ ಅತ್ತೆ. ಏನೂ ಆಗಲ್ಲ, ಆ ಕಡೆ ತಳ್ಳಿ. ತಳ್ಳಿ ಬ್ರೇಕ್ ಒತ್ತಿ."

ಅತ್ತೆ ಬ್ರೇಕ್ ಒತ್ತಿ, ಎರಡೂ ಕೈ ಕೊಟ್ಟು ತಳ್ಳಿದರು. 'ಕಟ್' ಎಂದಿತು. ಗೇರಿಗೂ ಚಕ್ರಕ್ಕೂ ಮಾತು ನಿಂತಿತು. "ಒತ್ತಿದೆ!" ಎಂದರು. ಜೀಪಣ್ಣ ನಟ್ಟು ಸಡಿಲಿಸಿದ. ಇದ್ದ ಅರೆಬರೆ ಬ್ರೇಕೂ ಎಣ್ಣೆಯಾಗಿ ಬಾಟಲಿಗೆ ಇಳಿಯಿತು.

ಮಲಗಿದ್ದ ಜೀಪಣ್ಣನಿಗೆ ಮೊದಲು ಅನ್ನಿಸಿದ್ದು ಬೆಳಕು ಜಾಸ್ತಿಯಾಯಿತು ಎಂದು. ಮುಖದ ಮೇಲಿದ್ದ ಜೀಪು ಮೆಲ್ಲಗೆ ಸರಿದು, ಆ ಜಾಗಕ್ಕೆ ಆಕಾಶ ಬಂತು. ಒಂದು ಮೋಡವೂ ಇತ್ತು.

"ಅಮ್ಮಾ!" ಎಂದು ಹೆಂಡತಿ ಕಿರುಚಿದ್ದು ಕೇಳಿದಾಗಲೇ ಅವನಿಗೆ ಅರ್ಥವಾದದ್ದು. ಎದ್ದ. ಎಣ್ಣೆಯ ಬಾಟಲಿ ಹಿಡಿದುಕೊಂಡೇ ಓಡಿದ. ಮುಂದೆ ಜೀಪು, ಜೀಪಿನಲ್ಲಿ ಅತ್ತೆ, ಅದರಾಚೆ ದೊಡ್ಡ ರಸ್ತೆ, ರಸ್ತೆಯಲ್ಲಿ ಲಾರಿ. ಆಫೀಸಿನಲ್ಲಿ ನೋಡಿದ ಫೋಟೋಗಳೆಲ್ಲ ಒಂದೊಂದಾಗಿ ಕಣ್ಣ ಮುಂದೆ ಬಂದವು. ಪರಿಹಾರದ ಅರ್ಜಿಯಲ್ಲಿ ಚಾಲಕರು ಯಾರು ಎಂದು ಕೇಳುವ ಜಾಗದಲ್ಲಿ ಏನು ಬರೆಯುವುದು ಎಂಬ ಯೋಚನೆಯೂ ಬಂತು (ನೌಕರಿಯ ಗುಲಾಮಗಿರಿ ಎಂದರೆ ಇದು). ಹೆಂಡತಿಗೆ ತಾಯಿಯಿಲ್ಲದಂತೆ ಮಾಡಿದೆನಲ್ಲ ಎಂದುಕೊಳ್ಳುತ್ತಲೇ ಕೂಗಿದ.

"ಅತ್ತೇ! ಬ್ರೇಕ್ ಒತ್ತಿ!"

"ಒತ್ತಿದೆ!" ಎಂದಿತು ಜೀಪಿನೊಳಗಿಂದ ಗಂಭೀರ ಧ್ವನಿ.

"ಬಿಡಬೇಡಿ! ಅಯ್ಯೋ, ಬಿಡಬೇಡಿ!"

ಗಾಳಿಯಲ್ಲಿ 'ಬಿಡಿ' ಎಂಬಷ್ಟೇ ಮುಟ್ಟಿತೋ ಏನೋ. "ಬಿಟ್ಟೆ!" ಎಂದರು. ಮತ್ತೆ "ಒತ್ತಿದೆ!" ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲ, ಅವರು ವಹಿಸಿಕೊಂಡ ಕೆಲಸವನ್ನು ಅರ್ಧಕ್ಕೆ ಬಿಡುವವರಲ್ಲ. ಅಡ್ಡ ಬಂದ ಒಂದು ನಾಯಿಗೆ ಹಾರನ್ ಒತ್ತಿದರು. ವೈಪರ್ ಬೇಡ ಬೇಡ ಎಂದು ಕೈಯಾಡಿಸಿತು. ನಾಯಿಗೆ ಅರ್ಥವಾಗಿ ಪಕ್ಕಕ್ಕೆ ಹೋಯಿತು.

ಇನ್ನೇನು ದೊಡ್ಡ ರಸ್ತೆ ಬಂತು ಎನ್ನುವಾಗ ಜೀಪು ತನ್ನ ಹಳೆಯ ಚಾಳಿ ತೋರಿಸಿತು. ಎಡಕ್ಕೆ ಎಳೆಯಿತು. ಎಷ್ಟೋ ಭಾನುವಾರ ಬೆವರು ಸುರಿಸಿದರೂ ಜೀಪಣ್ಣನಿಂದ ಸರಿಮಾಡಲಾಗದ ಆ ದೋಷ ಅಂದು ಕುಲದೇವರಂತೆ ಬಂದು ಕೈಹಿಡಿಯಿತು. ಅರ್ಧ ಕಟ್ಟಿದ ಮನೆಯೊಂದರ ಮುಂದಿನ ಮರಳಿನ ರಾಶಿಗೆ ನೀರಿನ ಪೈಪಿನ ಬಂಪರು ಮೆತ್ತಗೆ ಹೊಕ್ಕು, ಜೀಪು ನಿಂತಿತು. ಈ ಸಲ ಯೋಚನೆ ಮಾಡದೆ ನಿಂತಿತು.

ಅತ್ತೆ ಕೈಚೀಲ ಹಿಡಿದು ಇಳಿದರು. ಒಂದು ಕೂದಲೂ ಕೊಂಕಿರಲಿಲ್ಲ. ಮುಖದಲ್ಲಿ ಹಿಂದೆಂದೂ ಕಾಣದ ಪ್ರಸನ್ನತೆ.

"ಪರವಾಗಿಲ್ಲ ಅಳಿಯಂದಿರೇ! ನಾನು ಸುಮ್ಮನೆ ಹೆದರಿದ್ದೆ. ಸದ್ದಿಲ್ಲ, ಕುಲುಕಾಟವಿಲ್ಲ, ಹೂವಿನ ಹಾಗೆ ಹೋಯ್ತು. ಮರಳು ನೋಡಿ ನಿಲ್ಲಿಸಿದ್ದೂ ಒಳ್ಳೆ ಉಪಾಯ. ನಾಳೆ ಮಗಳು ಇದರಲ್ಲೇ ಬರಲಿ. ಗುಜರಿಯವನು ಬೇಡ."

ಜೀಪಣ್ಣನಿಗೆ ಉಸಿರು ಬಂತು. ಆಮೇಲೆ ಹೊಳೆಯಿತು: ನಾಳೆ. ಇದೇ ಇಳಿಜಾರು. ತಿರುಗಿ ನೋಡಿದ. ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, ಊದಿದ ಪಾದಗಳನ್ನು ಒಂದೊಂದಾಗಿ ಊರುತ್ತಾ ಇಳಿದು ಬರುತ್ತಿದ್ದಳು. ಬಂದು ನಿಂತಳು. ಗಂಡನ ಕೈಯಲ್ಲಿದ್ದ ಬಾಟಲಿಯನ್ನು ನೋಡಿದಳು. ಜೀಪಣ್ಣ ನಿಜ ಹೇಳದೆ ಸುಮ್ಮನಿದ್ದರೆ ಜೀಪೂ ಉಳಿಯುತ್ತಿತ್ತು, ಮಾನವೂ ಉಳಿಯುತ್ತಿತ್ತು.

ಅಷ್ಟರಲ್ಲಿ ಅತ್ತೆ ಹುಬ್ಬು ಗಂಟಿಕ್ಕಿದರು.

"ಆದ್ರೂ ಒಂದು ಅನುಮಾನ. ನಾನು ಬರೀ ಬ್ರೇಕ್ ಒತ್ತಿ ಬಿಟ್ಟು ಮಾಡ್ತಿದ್ದೆ. ನೀವು ನೋಡಿದ್ರೆ ಬಾಟಲಿ ಹಿಡ್ಕೊಂಡು ಹಿಂದೆ ಓಡಿ ಬರ್ತಿದ್ರಿ. ಹಾಗಾದ್ರೆ ಗಾಡಿ ಓಡಿಸ್ತಾ ಇದ್ದದ್ದು ಯಾರು?"

ಜೀಪಣ್ಣ ಬಾಟಲಿಯನ್ನು ಕೆಳಗಿಟ್ಟ.

"ಯಾರೂ ಇಲ್ಲ, ಅತ್ತೆ."