ಬಾಣಂತಿ ಕಮಿಟಿಯ ಸೆಕ್ರೆಟರಿ

ಉಮರ್ಗಾ ಪೇಟೆಯಲ್ಲಿ ಬಸಿರು-ಬಾಣಂತನದ ವಿಷಯ ಪೂರ್ತಿ ತಿಳಿದವನು ಒಬ್ಬನೇ ಇದ್ದ: ನಮ್ಮ ಕಾಕಾ, ಅಪ್ಪನ ತಮ್ಮ. ಜೋಳ, ತೊಗರಿಯ ಅಡತಿ ವ್ಯಾಪಾರಿ. ಮದುವೆಯಾಗಿರಲಿಲ್ಲ. ಹಡೆದು ಹಡೆದು ಹಣ್ಣಾದ ಹೆಂಗಸರಿಗೆ ಏನು ಗೊತ್ತಿತ್ತು ಹೇಳಿ, ಪಾಪ!

ಪೊಲೀಸ್ ಆ್ಯಕ್ಷನ್ ಮುಗಿದು, ಕಚೇರಿಗಳ ಉರ್ದು ಬೋರ್ಡುಗಳು ಇಳಿದು, ಹೊಸ ಸರ್ಕಾರದ ಜೀಪುಗಳು ಧೂಳೆಬ್ಬಿಸುತ್ತಿದ್ದ ಕಾಲ. ಬಸುರಿ-ಬಾಣಂತಿಯರಿಗಾಗಿ ಊರಲ್ಲೊಂದು ಕೇಂದ್ರ ತೆರೆಯಿತು. ಮರಾಠಿ ಮಾತಾಡುವ ನರ್ಸಬಾಯಿ ಬಂದಳು. ಕೇಂದ್ರಕ್ಕೊಂದು ಕಮಿಟಿ ಬೇಕಲ್ಲ? ಆಯಿತು. ಸದಸ್ಯರೆಲ್ಲ ಮೀಸೆ ಹೊತ್ತವರೇ! ಕಾಕಾ ಸೆಕ್ರೆಟರಿ.

"ಒಬ್ಬಾಕಿ ಹೆಣ್ಮಗಳನ್ನಾರ ಕೂಡಿಸ್ಕೋರಿ," ಎಂದಳು ನಮ್ಮವ್ವ.

"ವೈನಿ, ಹೆಣ್ಮಕ್ಕಳಿಗಿ ಕೆಲಸ ಭಾಳ ಇರ್ತಾವ. ಕಮಿಟಿಗಿ ಪುರಸೊತ್ತು ಎಲ್ಲದ?" ಎಂದ ಕಾಕಾ. ಕೆಲಸವಿಲ್ಲದವರೇ ಕಮಿಟಿಯಲ್ಲಿದ್ದಾರೆಂದು ಅವನೇ ಒಪ್ಪಿಕೊಂಡಂತಾಯಿತು.

ಮೊದಲ ಮೀಟಿಂಗು ನಮ್ಮ ಪಡಸಾಲೆಯಲ್ಲೇ. ಬಾಣಂತಿ ಏನು ತಿನ್ನಬೇಕು ಎಂಬುದು ವಿಷಯ. ಮಾದರಿಗೆಂದು ಅವ್ವನಿಂದ ಒಂದು ಡಬ್ಬಿ ಅಂಟಿನುಂಡಿ ಮಾಡಿಸಿದ್ದರು. ಚರ್ಚೆ ಬಹಳ ಆಳಕ್ಕಿಳಿಯಿತು, ಡಬ್ಬಿಯ ತಳದವರೆಗೂ! "ತುಪ್ಪ ಇನ್ನೊಂದೀಟು ಬೇಕು" ಎಂಬ ಠರಾವು ಪಾಸಾಯಿತು. ಬಾಣಂತಿಯರು ಬಡಕಲಾಗಿಯೇ ಉಳಿದರು, ಕಮಿಟಿ ಮಾತ್ರ ಮೈ ತುಂಬಿಕೊಂಡಿತು.

ಚೊಚ್ಚಲ ಹೆರಿಗೆಗೆಂದು ನಾನು ನಿಲಂಗಾದ ಗಂಡನ ಮನೆಯಿಂದ ತವರಿಗೆ ಬಂದದ್ದು ಆಗಲೇ. ಸೆಕ್ರೆಟರಿಗೆ ಮನೆಯಲ್ಲೇ ಒಬ್ಬ ಬಸುರಿ ಸಿಕ್ಕಳು, ಇನ್ನು ಕೇಳಬೇಕೆ! ಬಸುರಿಯರ ತೂಕ ನೋಡುತ್ತಿರಬೇಕೆಂದು ನರ್ಸಬಾಯಿ ಹೇಳಿದ್ದಳು. ತೂಕದ ಯಂತ್ರ ಇನ್ನೂ ಬಂದಿರಲಿಲ್ಲ.

"ನಮ್ಮ ಅಂಗಡ್ಯಾಗ ಕಾಂಟಾ ಇಲ್ಲೇನು?" ಎಂದವನೇ ಕಾಕಾ, ನನ್ನನ್ನೂ ಓಣಿಯ ಬಸುರಿಯರನ್ನೂ ಅಡತಿ ಅಂಗಡಿಯ ಮುಂದೆ ಸಾಲಾಗಿ ನಿಲ್ಲಿಸಿದ. ಜೋಳದ ಚೀಲ ತೂಗುವ ದೊಡ್ಡ ತಕ್ಕಡಿ. ಒಂದು ಕಡೆ ತೂಕದ ಕಲ್ಲು, ಇನ್ನೊಂದು ಕಡೆ ನಾನು! ಅಡತಿಯಲ್ಲಿ ಎಣಿಕೆ ಶುರುಮಾಡುವಾಗ 'ಒಂದು' ಅನ್ನುವುದಿಲ್ಲ, 'ಲಾಭ' ಅನ್ನುತ್ತಾರೆ. ಹಮಾಲ ರೂಢಿಯಂತೆ "ಲಾಭಾ!" ಎಂದು ಕೂಗಿದ್ದು ಇಡೀ ಪೇಟೆಗೆ ಕೇಳಿಸಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು ನನಗೆ.

ಅಷ್ಟಕ್ಕೇ ಮುಗಿಯಿತೇ? "ಬಾರದಾನ ಕಳೀರಿ!" ಎಂದ ಕಾಕಾ. ಬಾರದಾನ ಅಂದರೆ ಗೋಣಿಚೀಲ; ಮಾಲಿನ ತೂಕದಲ್ಲಿ ಚೀಲದ ತೂಕ ಕಳೆಯುವುದು ಪೇಟೆಯ ಪದ್ಧತಿ. ನನ್ನ ಸೀರೆ, ಬಳೆ, ಕಾಲುಂಗುರ ಎಲ್ಲವೂ ಬಾರದಾನ! ಅಷ್ಟರಲ್ಲಿ ಓಡಿಬಂದ ನರ್ಸಬಾಯಿ, "ಸೇಠಜೀ, ಬಾಯಿ ಮ್ಹಣಜೆ ಜ್ವಾರೀಚಂ ಪೋತಂ ನಾಹೀ!" ಎಂದು ಗದರಿದಳು. ಹೆಣ್ಣೆಂದರೆ ಜೋಳದ ಚೀಲ ಅಲ್ಲವಂತೆ.

"ಖರೇ ಅದರೀ ಬಾಯಿ," ಎಂದ ಕಾಕಾ ಗಂಭೀರವಾಗಿ. "ಜ್ವಾಳದ ಚೀಲ ಹಿಂಗ ಬೈಯಂಗಿಲ್ಲ."

ಅವನ ಭಾಷಣಗಳದ್ದೇ ಇನ್ನೊಂದು ಕಥೆ. ಪಕ್ಕದ ಹಳ್ಳಿ ತುರೋರಿಯಲ್ಲಿ ಕಟ್ಟೆ ಹತ್ತಿ ನಿಂತು, "ಬಾಣಂತಿಗಿ ನೀರು ಕೊಡ್ರಿ! ಕಾಸಿ ಆರಿಸಿ ಹೊಟ್ಟಿ ತುಂಬ ಕೊಡ್ರಿ! ನೀರು ಕುಡದ್ರ ನಂಜ ಆಗ್ತದ ಅನ್ನೂದು ಹುಚ್ಚತನ!" ಎಂದು ಗುಡುಗುವನು. ಮನೆಯಲ್ಲಿ ತನ್ನ ತಾಯಿಯ ಮುಂದೆ, ಅಂದರೆ ನಮ್ಮ ಆಯಿಯ ಮುಂದೆ, ಗುಡುಗು ಎಲ್ಲಿ ಹೋಗುತ್ತಿತ್ತೋ!

"ತುರೋರ್ಯಾಗ ಏನೋ ಒದರಿದಿಯಂತಲ್ಲೋ?"

"ಏನಿಲ್ಲವ್ವಾ, ತೊಗರಿ ಧಾರಣಿ ಕೇಳ್ಲಾಕ ಹೋಗಿದ್ದೆ."

ಇಂಥ ಶೂರ!

ನರ್ಸಬಾಯಿಯ ಕೈಯಲ್ಲಿ ನನ್ನ ಹೆರಿಗೆ ಸುಸೂತ್ರವಾಯಿತು. ಹೆಣ್ಣುಮಗು. ಅಲ್ಲಿಂದ ಮುಂದೆ ಆಯಿಯ ರಾಜ್ಯ. ಕಿಟಕಿ ಮುಚ್ಚಿದ ಕೋಣೆ, ಹೊರಸಿನ ಕೆಳಗೆ ಕೆಂಡ, ಕುಡಿಯಲು ನೀರಿಲ್ಲ. ಹಸಿ ಬಾಣಂತಿಗೆ ನೀರು ಕೊಟ್ಟರೆ ನಂಜು! ಕೆಲವೇ ದಿನಗಳಲ್ಲಿ ಮೈ ಸುಡತೊಡಗಿತು. ನಾಲಗೆ ಒಣಗಿ ಕಟ್ಟಿಗೆಯಾಯಿತು, ಎದೆಯ ಹಾಲು ಬತ್ತಿತು, ಕೂಸು ಅತ್ತು ಅತ್ತು ಸೋತಿತು. ನೀರು ಕೊಡಿ ಎಂದು ನರ್ಸಬಾಯಿ ಬಾಗಿಲಲ್ಲಿ ನಿಂತು ಗೋಗರೆದಳು. "ನಾ ಮನಿ ತುಂಬ ಹಡದೀನಿ. ನೀ ಎಷ್ಟು ಹಡದಿ?" ಎಂದು ಆಯಿ ಆಕೆಯನ್ನು ಅಟ್ಟಿದಳು. ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಸಾಯುತ್ತೇನೆಂದೇ ತಿಳಿದಿದ್ದೆ.

ಅವತ್ತು ಮಧ್ಯಾಹ್ನ ಬಾಗಿಲು ತೆರೆಯಿತು. ಕಾಕಾ! ಗಂಡಸರು ಕಾಲಿಡದ ಕೋಣೆಯ ಹೊಸ್ತಿಲಲ್ಲಿ ನಿಂತಿದ್ದ, ಕೈಯಲ್ಲಿ ನೀರಿನ ತಂಬಿಗೆ.

"ಇದು ಗಂಡಸರು ಬರೂ ಜಾಗಾ ಏನೋ?" ಆಯಿ ಬಾಗಿಲಿಗೆ ಅಡ್ಡವಾಗಿ ಕೂತಳು. "ಹಸಿ ಬಾಣಂತಿ, ನೀರು ಕುಡದು ಸತ್ತಾಳು!"

"ನೀರಿಲ್ದ ಸಾಯ್ಲಾಕತ್ಯಾಳವ್ವಾ!"

ಹುಟ್ಟಿದಂದಿನಿಂದ ತಾಯಿಗೆ ಎದುರಾಡದವನ ಮಾತಿದು. ಆಯಿಯನ್ನು ದಾಟಿ ಒಳಬಂದು, ನೆಲದ ಮೇಲೆ ಕೂತು ನನ್ನ ತಲೆ ಎತ್ತಿ ಹಿಡಿದ. ತಂಬಿಗೆಯನ್ನು ತುಟಿಗೆ ಹಿಡಿದ; ಅರ್ಧ ನೀರು ನನ್ನ ಕೊರಳ ಮೇಲೇ ಚೆಲ್ಲಿತು.

"ಕುಡಿ, ನನ್ನವ್ವಾ."

ಕುಡಿದೆ. ಈ ಮನುಷ್ಯನನ್ನು ನೋಡಿ ಎಷ್ಟು ನಕ್ಕಿದ್ದೆ! ಆ ಹೊತ್ತಿನಲ್ಲಿ ಜಗತ್ತಿನಲ್ಲಿ ಅವನಿಗಿಂತ ಪ್ರೀತಿಯವರು ನನಗೆ ಯಾರೂ ಇರಲಿಲ್ಲ.

ಧೋತರದ ಚುಂಗಿನಿಂದ ನನ್ನ ಬಾಯೊರೆಸಿ, "ಇನ್ನೊಂದು ತಂಬಗಿ ತರ್ಲೇನವ್ವಾ?" ಎಂದು ಕೇಳಿದ.

ಹೂಂ ಅಂದೆ. ಕಾಕಾ ಎದ್ದು, ಬಾಗಿಲಲ್ಲಿ ಕೂತ ತಾಯಿಯನ್ನು ಮತ್ತೆ ದಾಟಿಕೊಂಡು ಹೋಗಿ ತಂದ.