ಒಂದು ತುಂಡು ಹಂದಿಮಾಂಸ

ಲಾಂಪೋನನ ಕೆಲಸ ಕೆಟ್ಟದ್ದು ಒಂದು ತುಂಡು ಹಂದಿಮಾಂಸದಿಂದ.

ಯುದ್ಧಕ್ಕೆಂದು ಹಡಗು ಹತ್ತಿದವನು ಒಂಬತ್ತು ವರ್ಷದ ಮೇಲೆ ತನ್ನ ದ್ವೀಪದಲ್ಲಿ ಕಾಲಿಟ್ಟಿದ್ದ. ನೆರೆಮನೆಯ ಮಿರ್ತಾಲೆ ಅಜ್ಜಿ ದಡದಲ್ಲೇ ಗುರುತು ಹಿಡಿದಳು.

"ಸತ್ತೇ ಹೋದೆ ಅಂದ್ಕೊಂಡಿದ್ವಲ್ಲೋ. ನಿನ್ನ ಹೆಂಡ್ತೀನ ಮದ್ವೆ ಆಗ್ತೀವಿ ಅಂತ ಮೂರು ಜನ ಮನೇಲೇ ಝಂಡಾ ಊರಿದ್ದಾರೆ. ನಿನ್ನ ಹಂದಿ, ನಿನ್ನ ದ್ರಾಕ್ಷಾರಸ, ಎಲ್ಲ ಸ್ವಾಹಾ."

ಲಾಂಪೋನ್ ಈಟಿ ಎತ್ತಿಕೊಂಡ. ಅಜ್ಜಿ ತಡೆದಳು.

"ದುಡುಕಬೇಡ. ಭಿಕ್ಷುಕನ ಹಾಗೆ ಹೋಗಿ ಯಾರು ಎಲ್ಲಿ ಕೂತಿದ್ದಾರೆ ನೋಡ್ಕೊ. ಆಮೇಲೆ ಮೂವರನ್ನೂ ಮುಗಿಸು."

ಆಡಿನ ವಾಸನೆಯ ಹರಕು ಕಂಬಳಿಯನ್ನೂ ಅವಳೇ ಹೊದಿಸಿ ಕಳಿಸಿದಳು.

ಕಂಬಳಿಯೊಳಗೆ ಈಟಿ ಬಚ್ಚಿಟ್ಟುಕೊಂಡು ಸ್ವಂತ ಮನೆಯ ಹೊಸ್ತಿಲಲ್ಲಿ ಭಿಕ್ಷೆಗೆ ಕೂತಾಗ ಅವನಿಗೆ ದುಃಖ ಒತ್ತರಿಸಿ ಬಂತು. ಎರಡು ದಿನದಿಂದ ಹೊಟ್ಟೆಗೆ ಏನೂ ಇರಲಿಲ್ಲ. ಒಳಗೆ ಕೆಂಡದ ಮೇಲೆ ಅವನದೇ ಹಂದಿ ಚುಂಯ್‌ಗುಡುತ್ತಿತ್ತು. ಮೂವರಲ್ಲಿ ದಢೂತಿಯಾದ ಥ್ರಾಸೋನ್ ಒಂದು ತುಂಡು ಚಾಚಿದ.

"ತಗೊಳ್ಳಪ್ಪ. ನಿನ್ನ ಮನೆ ಅಂತಲೇ ತಿಳ್ಕೊ."

ಮೂಲೆಯಲ್ಲಿ ನೂಲುತ್ತಿದ್ದ ಹೆಂಡತಿ ಮೆಲಿಟ್ಟ ಗಂಡನ ಗುರುತು ಹಿಡಿದು, ಬೇಡ ಬೇಡ ಎನ್ನುವಂತೆ ಕೆಮ್ಮಿದಳು. ಪಾಪ, ಎಷ್ಟು ನೆಗಡಿಯಾಗಿದೆ ಎಂದು ಮರುಗುತ್ತಾ ಲಾಂಪೋನ್ ತುಂಡನ್ನು ಬಾಯಿಗಿಟ್ಟ.

ನುಂಗಿದ ಮೇಲೆ ಕಂಬಳಿ ಕಿತ್ತೆಸೆದು ಈಟಿ ಎತ್ತಿದ. "ನಾನೇ ಕಣ್ರೋ ಲಾಂಪೋನ್. ನಿಮ್ಮ ಕಾಲ ಮುಗೀತು."

ಥ್ರಾಸೋನ್ ಬಾಯಿ ಒರೆಸಿಕೊಂಡ. "ಈಗ ತಾನೇ ನನ್ನ ಕೈಯಿಂದ ತಿಂದೆಯಲ್ಲಣ್ಣ. ಜೊತೇಲಿ ಉಂಡೋರ ಮೇಲೆ ಕೈ ಮಾಡಿದ್ರೆ ನಂಟರನ್ನ ಕಾಯೋ ಜಿಯಸ್ ದೇವರು ಸುಮ್ನಿರ್ತಾನಾ?"

"ಹಂದಿ ನಂದು ಕಣೋ."

"ಯಾರದ್ದಾದ್ರೇನು? ಕೊಟ್ಟೆ, ತಗೊಂಡೆ. ಇನ್ನು ನಾವು ನಂಟರು."

ತಮಾಷೆ ನೋಡಲು ಬಾಗಿಲಿಗೆ ಬಂದಿದ್ದ ಅಜ್ಜಿ ತಲೆ ಆಡಿಸಿದಳು. "ಅವನು ಹೇಳೋದು ಸರಿನೇ. ನೋಡ್ಕೊಂಡು ಬಾ ಅಂದ್ರೆ ತಿಂದ್ಕೊಂಡು ಕೂತ್ಯಲ್ಲೋ. ಇನ್ನು ಅವರನ್ನ ಹೋಗಿ ಅನ್ನೋ ಹಾಗೂ ಇಲ್ಲ."

ದೇವರ ಮಾತು ಬಂದ ಮೇಲೆ ಮಾಡುವುದೇನು? ಈಟಿ ಗೋಡೆಗೆ ಒರಗಿತು.

ಮೆಲಿಟ್ಟ ಅವನನ್ನು ಹಿತ್ತಿಲಿಗೆ ಕರೆದಳು. ಅವಳ ಕೆನ್ನೆಗಳು ಬತ್ತಿಹೋಗಿದ್ದವು.

"ಬಂದು ಕೂತಾಗಿಂದ ಅವರಿಗೆ ನನ್ನ ಕೈಯಾರೆ ಒಂದು ಗುಟುಕು ನೀರೂ ಕೊಡ್ಲಿಲ್ಲ ರೀ. ಅವರೇ ಕಿತ್ಕೊಂಡು ತಿಂದ್ರು. ಕಿತ್ಕೊಂಡು ತಿನ್ನೋನು ಕಳ್ಳ, ನಂಟ ಅಲ್ಲ. ನೀವು ಬಂದ ದಿನ ನಿಮ್ಮ ಈಟಿಗೆ ಯಾವ ಅಡ್ಡಿನೂ ಇರಬಾರ್ದು ಅಂತ ಕಾದೆ. ಅವರು ಕೊಟ್ಟಿದ್ದನ್ನ ನಾನೂ ಮುಟ್ಟಲಿಲ್ಲ. ನಂಗೂ ಹಸಿವಾಗ್ತಿತ್ತು."



"ಯಜಮಾನ್ರೇ," ಒಳಗಿನಿಂದ ಥ್ರಾಸೋನ್ ಕರೆದ, "ದ್ರಾಕ್ಷಾರಸ ಖಾಲಿ ಆಯ್ತು."

ಲಾಂಪೋನ್ ಹೂಜಿ ಎತ್ತಿಕೊಂಡು ಉಗ್ರಾಣದ ಕಡೆ ನಡೆದ.