ಮೀಸೆ ಬಂದವರಿಗೆ ಮಾತ್ರ

ಒಳ್ಳೆಯ ಕೆಲಸಕ್ಕೆ ಹೊರಟಾಗಲೆಲ್ಲ ನಗೆಪಾಟಲಾಗುವುದು ನನ್ನ ಹಣೆಯಲ್ಲೇ ಬರೆದಿದೆಯೋ ಏನೋ. ಎರಡು ಸಾವಿರದ ಇಸವಿ ದಾಟಿದ ಹೊಸತರಲ್ಲಿ ನಾನು ಕೊಪ್ಪದ ಹೈಸ್ಕೂಲೊಂದರಲ್ಲಿ ಕನ್ನಡ ಮೇಷ್ಟ್ರು. ಒಂದು ಮಧ್ಯಾಹ್ನ ಹತ್ತನೇ ಕ್ಲಾಸಿನ ಇಬ್ಬರು ಹುಡುಗರು ಕುಡಿದು ಬಂದು ಬೆಂಚಿನ ಮೇಲೇ ವಾಂತಿ ಮಾಡಿಕೊಂಡರು. ಪಬ್ಲಿಕ್ ಪರೀಕ್ಷೆ ಹತ್ತಿರವಿತ್ತು. ನನಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು. ಬಾಟಲಿ ಬಂದದ್ದು ಎನ್.ಆರ್. ಪುರ ರಸ್ತೆಯ ವೈನ್ ಶಾಪಿನಿಂದ. ಅಲ್ಲಿ ಮಕ್ಕಳಿಗೆ ಕೊಡುವುದನ್ನು ನಿಲ್ಲಿಸಲೇಬೇಕೆಂದು ಊರಿನವರು ಸೇರಿ ಒಂದು ಸಮಿತಿ ಮಾಡಿದೆವು.

ಮೀಸೆಯ ಕಾನೂನು

ಸಮಿತಿಯ ಅಧ್ಯಕ್ಷರು ರಿಟೈರಾದ ಪೋಸ್ಟ್ ಮಾಸ್ಟರು. ನನ್ನನ್ನೂ ಕರೆದುಕೊಂಡು ಹೋಗಿ ಅಂಗಡಿಯವನನ್ನು ಗದರಿದರು. ಅವನು ಕೈಮುಗಿದ.

"ಅಲ್ಲ ಮಾರಾಯ್ರೆ, ಯಾರಿಗೆ ಎಷ್ಟು ವರ್ಷ ಅಂತ ನಂಗೆ ಹೆಂಗೆ ಗೊತ್ತಾಗ್ಬೇಕು? ಜಾತಕ ಕೇಳಕ್ಕಾಗುತ್ತಾ?"

"ಜಾತಕ ಎಂತಕ್ಕೆ? ಮೀಸೆ ನೋಡು. ಮೀಸೆ ಬಂದೋರಿಗೆ ಮಾತ್ರ ಕೊಡು," ಎಂದು ನಾನು ಬಾಯಿ ಹಾಕಿದೆ.

ಮಾರನೇ ದಿನವೇ ಭಂಡಿಗಡಿಯ ಗುಮಾಸ್ತರೊಬ್ಬರು ಉರಿದುಕೊಂಡು ನನ್ನ ಮನೆಗೆ ಬಂದರು. ಐವತ್ತು ದಾಟಿದವರು, ದಿನಾ ನುಣ್ಣಗೆ ಶೇವ್ ಮಾಡಿಕೊಳ್ಳುವವರು.

"ಎಂತ ಮೇಷ್ಟ್ರೇ ನಿಮ್ಮ ಕಾನೂನು? ಮೀಸೆ ಬಂದ್ಮೇಲೆ ಬನ್ನಿ ಅಂದ ನಂಗೆ!"

ಹಟಕ್ಕೆ ಬಿದ್ದು ಮೀಸೆ ಬಿಡತೊಡಗಿದರು. ಅದು ಬೆಳೆಯುವವರೆಗೆ ಅವರ ಮನೆಯಲ್ಲಿ ಎಂಥ ನೆಮ್ಮದಿ ಎಂದರೆ, ಅವರ ಹೆಂಡತಿ ನಮಗೆ ಒಂದು ಗೊನೆ ಬಾಳೆಹಣ್ಣು ಕಳಿಸಿದರು. ಜೊತೆಗೆ ಒಂದು ಮಾತು: "ಗಡ್ಡಕ್ಕೂ ಒಂದು ಕಾನೂನು ಮಾಡಿ."

ಸೋತ ವಾದ

ಹುಡುಗರಿಗೆ ಬುದ್ಧಿ ಬರಲೆಂದು ಒಂದು ಭಾನುವಾರ ಶಾಲೆಯಲ್ಲಿ ತಾಳಮದ್ದಳೆ ಇಟ್ಟೆವು. ವೇಷವಿಲ್ಲ, ಕುಣಿತವಿಲ್ಲ, ಕೂತು ಮಾತಿನಲ್ಲೇ ಎದುರಾಳಿಯನ್ನು ಸೋಲಿಸಬೇಕು. ಕುಡಿತದ ವಿರುದ್ಧ ವಾದಿಸಲು ಶೃಂಗೇರಿಯಿಂದ ಒಬ್ಬ ಪಂಡಿತರು. ಕುಡಿತದ ಪರವಾಗಿ ಸೋಲಲೆಂದೇ ಸೀತೂರಿನ ಒಬ್ಬ ರೈತರನ್ನು ಕರೆಸಿದ್ದೆವು.

ರೈತರು ಮೊದಲ ಮಾತಿಗೇ ಕೇಳಿದರು, "ಪಂಡಿತೋತ್ತಮರೇ, ತಾವು ಅದರ ರುಚಿ ಬಲ್ಲಿರೋ?"

"ಶಿವ ಶಿವಾ! ವಾಸನೆಯನ್ನೂ ಬಲ್ಲವನಲ್ಲ."

"ಅರಿಯದ ವಿಷಯದಲ್ಲಿ ತೀರ್ಪು ಕೊಡುವುದು ಯಾವ ಶಾಸ್ತ್ರ?"

ಪಂಡಿತರು ಪದ ಹಾಡುವ ಭಾಗವತರ ಕಡೆ ತಿರುಗಿದರು. ಹುಡುಗರು ಶಿಳ್ಳೆ ಹೊಡೆದರು. ಕುಡಿತ ಭರ್ಜರಿಯಾಗಿ ಗೆದ್ದಿತು. ಭಾಗವತರು ಗಡಿಬಿಡಿಯಲ್ಲಿ ಮಂಗಳ ಹಾಡಿಬಿಟ್ಟರು.

ನಾನು ತಲೆಮೇಲೆ ಕೈಹೊತ್ತು ಕೂತಿದ್ದಾಗ ಗೆದ್ದ ರೈತರು ಮೆಲ್ಲಗೆ ಬಂದರು. "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ನಾನೂ ಒಂದು ತೊಟ್ಟು ಕುಡಿದೋನಲ್ಲ. ಆದ್ರೆ ವಾದ ಅಂದ್ಮೇಲೆ ಬಿಟ್ಕೊಡಕ್ಕಾಗುತ್ತಾ?"

ಎಳೆದು ನೋಡಿದ್ದು

ಆ ವಾರವೇ ಶಾಲೆಯ ಯಕ್ಷಗಾನದ ಪೆಟ್ಟಿಗೆಯಿಂದ ಒಂದು ಮೀಸೆ ಕಾಣೆಯಾಯಿತು. ಅದನ್ನು ಅಂಟಿಸಿಕೊಂಡು ನನ್ನದೇ ಕ್ಲಾಸಿನ ಹುಡುಗ ವೈನ್ ಶಾಪಿಗೆ ಹೋಗಿದ್ದ. ಬಿಸಿಲಿಗೆ ಬೆವರಿ, ಬಾಟಲಿ ಕೈಗೆ ಬರುವ ಹೊತ್ತಿಗೆ ಸರಿಯಾಗಿ ಮೀಸೆ ಗಲ್ಲಕ್ಕೆ ಇಳಿಯಿತು. ಹುಡುಗ ಮೀಸೆ ಬಿಟ್ಟು ಓಡಿದ.

ಅಂಗಡಿಯವನಿಗೆ ಮರ್ಯಾದೆ ಹೋದಂತಾಯಿತು. "ನಂಗೇ ವೇಷ ತೋರಿಸ್ತಾರಾ?" ಎಂದು, ಅಂದಿನಿಂದ ಬಂದವರ ಮೀಸೆಯನ್ನೆಲ್ಲ ಎಳೆದು ನೋಡಿಯೇ ಬಾಟಲಿ ಕೊಡತೊಡಗಿದ. ಗುಮಾಸ್ತರು ಕಷ್ಟಪಟ್ಟು ಬೆಳೆಸಿದ ಮೀಸೆಗೂ ರಿಯಾಯಿತಿ ಸಿಗಲಿಲ್ಲ.

ಹೀಗಿರುವಾಗ ಒಂದು ದಿನ ಅಂಗಡಿಗೆ ದಪ್ಪ ಹುರಿಮೀಸೆಯ ಅಪರಿಚಿತರೊಬ್ಬರು ಬಂದರು. ಅಷ್ಟು ಚೆಂದದ ಮೀಸೆ ಕಂಡು ಇವನಿಗೆ ಅನುಮಾನ ಇನ್ನೂ ಹೆಚ್ಚಾಯಿತು. ಎರಡೂ ಕೈಯಲ್ಲಿ ಹಿಡಿದು ಜಗ್ಗಿದ. ಬಂದವರು ಅಬಕಾರಿ ಇನ್ಸ್‌ಪೆಕ್ಟರು.

ಸಂಜೆ ಅವರ ಜೀಪು ನಮ್ಮ ಶಾಲೆಯ ಮುಂದೆ ನಿಂತಿತು. ಇಳಿದವರ ಮೂಗಿನ ಕೆಳಗೆಲ್ಲ ಕೆಂಪಗೆ ಊದಿತ್ತು. ಕೆಲಸ ಹೋಯಿತೆಂದೇ ನಾನು ಎದ್ದುನಿಂತೆ.

"ಈ ಕಾನೂನು ನಿಮ್ಮದೇನ್ರೀ?"

"ಹೌದು ಸಾರ್. ಹುಡುಗರು ಹಾಳಾಗ್ತಾರೆ ಅಂತ..."

"ನನ್ನ ಸರ್ವಿಸ್‌ನಲ್ಲಿ ವಯಸ್ಸು ನೋಡಿ ಮಾರೋ ಅಂಗಡಿ ಇದೊಂದೇ ಸಿಕ್ಕಿದ್ದು. ಮುಂದುವರಿಸಿ," ಎಂದರು. ಮೀಸೆ ಸವರಿಕೊಂಡು ಮುಖ ಕಿವುಚಿದರು. "ಆದ್ರೆ ಒಂದು ಬೋರ್ಡು ಹಾಕ್ಸಿ. ಬರೋರಿಗೆ ಮೊದಲೇ ಗೊತ್ತಿರ್ಲಿ."

ಮರುದಿನ ಬೋರ್ಡು ಬಂತು. ಆಮೇಲೆ ನನ್ನ ಹುಡುಗರಾರೂ ಆ ಕಡೆ ತಲೆ ಹಾಕಲಿಲ್ಲ. ವಾಂತಿ ಮಾಡಿಕೊಂಡಿದ್ದ ಇಬ್ಬರೂ ಪಾಸಾದರು. ಬೋರ್ಡಿನಲ್ಲಿ ದಪ್ಪ ಅಕ್ಷರದಲ್ಲಿ ಹೀಗಿತ್ತು: "ಇಲ್ಲಿ ಮೀಸೆ ಎಳೆದು ನೋಡಲಾಗುವುದು. ಕೈಗೆ ಬಂದರೆ ಶಾಲೆಗೆ ಕಳಿಸಲಾಗುವುದು."